ಮೇಜಿನ ಕೆಳಗಿನ ದರ್ಬಾರು

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ರಾಜಮನೆತನದ ವಿಷಯದಲ್ಲಿ ಒಂದು ಸಣ್ಣ ಜಂಬ ಇದ್ದೇ ಇರುತ್ತದೆ. ಅರಮನೆಯಲ್ಲಿ ನಮ್ಮನ್ನು ಯಾರೂ ಮಣೆ ಹಾಕಿ ಕೂರಿಸಿದ್ದಿಲ್ಲ. ಆದರೂ ಪರಊರಿನವರ ಮುಂದೆ ‘ನಮ್ಮ ಮಹಾರಾಜರು’ ಅನ್ನುವಾಗ ಅವರು ನಮ್ಮ ದೊಡ್ಡಪ್ಪನ ಮಗನೇನೋ ಅನ್ನುವ ಧಾಟಿ ತಾನಾಗಿ ಬಂದುಬಿಡುತ್ತದೆ. ಹಾಗಾಗಿ ಲಂಡನ್ನಿನಲ್ಲಿ ನನ್ನ ಮಗಳು, “ಅಮ್ಮಾ, ಶನಿವಾರ ಮಧ್ಯಾಹ್ನ ಏನೂ ಇಟ್ಕೋಬೇಡ, ಎಲ್ಲರೂ ಪ್ರಿನ್ಸೆಸ್ ಟೀ ಪಾರ್ಟಿಗೆ ಹೋಗ್ತಿದೀವಿ” ಅಂದಾಗ, “ಯಾವ ಪ್ರಿನ್ಸೆಸ್ಸು?” ಎಂದು ನಾನು ಕೇಳಿದ್ದು ತಮಾಷೆಗಲ್ಲ. ಆ ಊರಿನ ಅರಮನೆಗಳಲ್ಲಿ ಇನ್ನೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಯಾರೋ ಒಬ್ಬರು ಕರೆದಿರಲೂಬಹುದು.

“ಯಾರೂ ಇಲ್ಲಮ್ಮಾ, ಇವಳೇ ಪ್ರಿನ್ಸೆಸ್ಸು” ಎಂದು ಮಗಳು ಐದು ವರ್ಷದ ಪುಟ್ಟಿಯ ಕಡೆ ಕೈ ತೋರಿಸಿದಳು. ಪುಟ್ಟಿ ಆಗ ಸೋಫಾದ ಮೇಲೆ ತಲೆಕೆಳಗಾಗಿ ಮಲಗಿ, ಎರಡೂ ಕಾಲನ್ನು ಗೋಡೆಗೆ ಒರಗಿಸಿಕೊಂಡು ಬಾಳೆಹಣ್ಣು ತಿನ್ನುತ್ತಿದ್ದಳು.

ನಮ್ಮವರು ಪೇಪರಿನಿಂದ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ. “ಕಾಫಿ ಇರುತ್ತಾ?”

ವಿಷಯ ಇಷ್ಟು. ಕೆನ್ಸಿಂಗ್ಟನ್ ಕಡೆಯ ಒಂದು ಹೋಟೆಲಿನಲ್ಲಿ ಚಿಕ್ಕ ಮಕ್ಕಳಿಗೂ ಅವರನ್ನು ಹೊತ್ತು ತರುವ ದೊಡ್ಡವರಿಗೂ ಸೇರಿಸಿ ಚಹಾ ಕೂಟ ಏರ್ಪಡಿಸುತ್ತಾರೆ. ಮಕ್ಕಳು ರಾಜಕುಮಾರಿಯ ವೇಷದಲ್ಲಿ ಬರಬೇಕು. ಅಲ್ಲಿ ಬಾಡಿಗೆಯ ರಾಜಕುಮಾರಿಯೊಬ್ಬಳು ಇರುತ್ತಾಳೆ. ಅವಳು ಕಥೆ ಹೇಳುತ್ತಾಳೆ, ನಡೆಯುವುದು, ಕೂರುವುದು, ಕೈ ಬೀಸುವುದು ಕಲಿಸುತ್ತಾಳೆ. ದೊಡ್ಡವರಿಗೆ ತಲೆಗೆ 55 ಪೌಂಡು, ಮಕ್ಕಳಿಗೆ ಸ್ವಲ್ಪ ಕಡಿಮೆ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದು ನಿವೃತ್ತರಾದ ನಮ್ಮವರು ಅದನ್ನು ರೂಪಾಯಿಗೆ ತಿರುಗಿಸಿದರು. ಆಮೇಲೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತರು. “ಅಷ್ಟು ದುಡ್ಡಿಗೆ ಉಪನಯನದ ಒಂದು ಪಂಕ್ತಿ ಎದ್ದುಹೋಗತ್ತೆ” ಎಂದರು. “ಅಪ್ಪಾ, ನೀವು ಗುಣಿಸಬಾರದು ಅಂತ ಬಂದ ದಿನವೇ ಹೇಳಿದೀನಿ” ಎಂದಳು ಮಗಳು.

ಪುಟ್ಟಿಗೆ ಗೌನುಗಳಿಗೇನೂ ಕೊರತೆಯಿರಲಿಲ್ಲ. ನಾಲ್ಕಿದ್ದವು. ಅದರಲ್ಲಿ ನೀಲಿಯದು ಪಟ್ಟದ ರಾಣಿ. ಅದನ್ನು ಹಾಕಿಕೊಂಡೇ ತರಕಾರಿ ಅಂಗಡಿಗೂ ಬರುವಳು, ಅದರಲ್ಲೇ ಮಲಗುವಳು. ಪರಪರ ಸದ್ದು ಮಾಡುವ ಆ ಬಟ್ಟೆಯಿಂದ ಬೆಳ್ಳಿಯ ಮಿಂಚಿನ ಪುಡಿ ಸದಾ ಉದುರುತ್ತಿತ್ತು. ಚಾಪೆಯ ಮೇಲೆ, ಅಳಿಯನ ಲ್ಯಾಪ್‌ಟಾಪಿನ ಮೇಲೆ, ದೇವರ ಮುಂದಿನ ಅರಿಶಿನ ಕುಂಕುಮದ ಬಟ್ಟಲಲ್ಲಿ. ಒಂದು ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ಸಾಸಿವೆಯ ಪಕ್ಕ ಏನೋ ಫಳಕ್ಕೆಂದಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ನನಗೆ ಎಲ್ಲವೂ ಹೊಳೆದಂತೆ ಕಾಣುತ್ತದೆ ಅಂದುಕೊಂಡು ತಿಂದುಬಿಟ್ಟೆ.

ಇದೇ ನನ್ನ ಮಗಳು ಬಸುರಿಯಾಗಿದ್ದಾಗ ಶಪಥ ಮಾಡಿದ್ದಳು. ಹುಟ್ಟುವುದು ಹೆಣ್ಣಾದರೆ ಗುಲಾಬಿ ಬಣ್ಣ, ಕಿರೀಟ, ಗೌನು ಯಾವುದೂ ಮನೆಯ ಹೊಸ್ತಿಲು ದಾಟಕೂಡದು. ಆ ಕಾಲದಲ್ಲಿ ಅವಳ ತಲೆದಿಂಬಿನ ಪಕ್ಕ ಪೆಗ್ಗಿ ಓರೆನ್‌ಸ್ಟೈನ್ ಎಂಬಾಕೆ 2011ರಲ್ಲಿ ಬರೆದ ‘ಸಿಂಡರೆಲ್ಲಾ ಏಟ್ ಮೈ ಡಾಟರ್’ ಅನ್ನುವ ಪುಸ್ತಕ ಇರುತ್ತಿತ್ತು. ಸಿಂಡರೆಲ್ಲಾ ನನ್ನ ಮಗಳನ್ನು ತಿಂದುಹಾಕಿದಳು ಅಂತ ಅದರ ಅರ್ಥ. ಫೋನಿನಲ್ಲಿ ನನಗೆ ಅದರ ಪಾಠವೂ ಆಗುತ್ತಿತ್ತು. ಡಿಸ್ನಿಯವರು ಸ್ನೋ ವೈಟ್ ಸಿನಿಮಾ ಮಾಡಿದ್ದು 1937ರಲ್ಲಿ, ಸಿಂಡರೆಲ್ಲಾ 1950ರಲ್ಲಿ. ಆದರೆ ಅಷ್ಟೂ ರಾಜಕುಮಾರಿಯರನ್ನು ಒಂದೇ ಡಬ್ಬಿಯಲ್ಲಿ ಹಾಕಿ ಮಾರುವ ಬುದ್ಧಿ ಬಂದಿದ್ದು 2000ದ ಸುಮಾರಿಗೆ. ಆಂಡಿ ಮೂನಿ ಎಂಬ ಹೊಸ ಅಧಿಕಾರಿ ಅಮೆರಿಕದ ಫೀನಿಕ್ಸ್ ಊರಿನಲ್ಲಿ ಅವರದೇ ಮಂಜಿನ ಮೇಲಿನ ಜಾರಾಟದ ಪ್ರದರ್ಶನಕ್ಕೆ ಹೋದನಂತೆ. ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳೆಲ್ಲ ಮನೆಯಲ್ಲೇ ಹೊಲಿದ ರಾಜಕುಮಾರಿ ವೇಷ ಹಾಕಿಕೊಂಡು ಬಂದಿದ್ದರು. ಮನೆಯಲ್ಲಿ ಹೊಲಿದದ್ದು ಅಂದರೆ ಕಂಪನಿಗೆ ಮೂರು ಕಾಸಿಲ್ಲ! ಅಲ್ಲಿಂದಾಚೆಗೆ ಅಮ್ಮಂದಿರು ಸೂಜಿದಾರ ಕೆಳಗಿಟ್ಟರು.

“ನಿನ್ನ ಶಪಥ ಏನಾಯ್ತೇ?” ಎಂದು ನಾನು ಈಗ ಕೇಳಿದರೆ, “ಅಮ್ಮಾ, ನೀನು ನಂಗೆ ಚಾಕ್ಲೇಟ್ ಕೊಡಲ್ಲ ಅಂತ ಶಪಥ ಮಾಡಿರ್ಲಿಲ್ವಾ?” ಎಂದು ತಿರುಗಿ ಕೇಳಿದಳು. ಆ ಶಪಥ ನೆನಪಿತ್ತು. ಅದು ಮುರಿದದ್ದು ದೇವರಾಜ ಮಾರುಕಟ್ಟೆಯ ಮುಂದೆ, ಅವಳು ರಸ್ತೆಯಲ್ಲಿ ಅಂಗಾತ ಮಲಗಿಬಿಟ್ಟ ದಿನ.

ನನ್ನ ಕಾಲಕ್ಕೆ ರಾಜಕುಮಾರಿ ಅಂದರೆ ಬೇರೆ. ನಾನು ಕಂಡ ಮೊದಲ ರಾಜಕುಮಾರಿ ಒಂದು ಕಿಟಕಿ. 1965ರ ದಸರಾ ಇರಬೇಕು, ನನಗೆ ಎಂಟು ವರ್ಷ. ಆಗಿನ್ನೂ ಅಂಬಾರಿಯ ಮೇಲೆ ಜಯಚಾಮರಾಜ ಒಡೆಯರೇ ಕೂತು ಬರುತ್ತಿದ್ದರು. ಅಪ್ಪನ ಹೆಗಲ ಮೇಲೆ ಕೂತಿದ್ದ ನನಗೆ ಅಮ್ಮ ಅರಮನೆಯ ಮೇಲ್ಗಡೆ ತೋರಿಸಿ, “ಅಗೋ ನೋಡು, ಅಲ್ಲಿ ಪರದೆ ಹಿಂದೆ ಅರಮನೆ ಹೆಣ್ಣುಮಕ್ಕಳು ಕೂತಿದಾರೆ” ಎಂದಳು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಕಮಾನು ಕಂಡಿತು, ಕತ್ತಲೆ ಕಂಡಿತು, ಒಂದು ಪಾರಿವಾಳ ಕಂಡಿತು. ಶಾಲೆಯಲ್ಲಿ ಮಾತ್ರ ರಾಜಕುಮಾರಿಯನ್ನು ನೋಡಿದೆ, ಹಸಿರು ಸೀರೆ ಉಟ್ಟಿದ್ದಳು, ನನ್ನ ಕಡೆ ನೋಡಿ ನಕ್ಕಳು ಅಂತ ಒಂದು ವಾರ ಹೇಳಿಕೊಂಡು ತಿರುಗಿದೆ. ಯಾರೂ ಅನುಮಾನಿಸಲಿಲ್ಲ. ಅವರವರೂ ಒಂದೊಂದು ಬಣ್ಣದ ಸೀರೆ ನೋಡಿದ್ದರು.

ಶನಿವಾರ ಹೌನ್ಸ್‌ಲೋ ಕಡೆಯಿಂದ ಪಿಕಡಿಲಿ ಲೈನಿನ ರೈಲು ಹತ್ತಿದೆವು. ಪುಟ್ಟಿ ನೀಲಿ ಗೌನು, ಪ್ಲಾಸ್ಟಿಕ್ ಕಿರೀಟ, ಕಾಲಿಗೆ ಮಳೆಯ ಬೂಟು. ಅಳಿಯ ಕೋಟು ಹಾಕಿದ್ದ. ನಾನು ಮದುವೆಮನೆಗೆಂದು ಇಟ್ಟುಕೊಂಡಿದ್ದ ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ, ಕೆಂಪಿಗೆ ಅಂಗೈಯಗಲದ ಜರಿ ಅಂಚು. ಅಷ್ಟು ದುಡ್ಡು ಕೊಟ್ಟು ಹೋಗುವಾಗ ಕಾಟನ್ ಉಡಲು ಮನಸ್ಸು ಬರಲಿಲ್ಲ.

ದಾರಿಯಲ್ಲಿ ಪುಟ್ಟಿ ಕಥೆ ಕೇಳಿದಳು. “ಪ್ರಿನ್ಸೆಸ್ ಕಥೆ, ಆದ್ರೆ ನಂಗೆ ಗೊತ್ತಿಲ್ದೇ ಇರೋದು.” ಅವಳಿಗೆ ಗೊತ್ತಿಲ್ಲದ ರಾಜಕುಮಾರಿ ಹುಡುಕುವುದು ಸುಲಭವಲ್ಲ. ಕೊನೆಗೆ ನಮ್ಮ ಹಂಚಿಯ ನೆನಪಾಯಿತು. ಎ. ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದ ಕಡೆ ಕೇಳಿ ಬರೆದುಕೊಂಡ, ಕನ್ನಡದ ಸಿಂಡರೆಲ್ಲಾ ಎಂದು ಪ್ರಪಂಚಕ್ಕೆ ಪರಿಚಯ ಮಾಡಿಸಿದ ಕಥೆ ಅದು. ಒಬ್ಬ ಹುಡುಗಿ, ಅವಳ ಕೂದಲು ಬಂಗಾರದ್ದು. ಅದೇ ಅವಳಿಗೆ ಕಂಟಕ. ಯಾಕೆ ಕಂಟಕ ಅನ್ನುವ ಭಾಗ ಐದು ವರ್ಷದವರಿಗೆ ಹೇಳುವಂಥದ್ದಲ್ಲ, ಹಾರಿಸಿದೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಹಾಕಿ, ಎಲ್ಲಾದರೂ ಹೋಗಿ ಬದುಕಿಕೋ ಎಂದು ಕಳಿಸುತ್ತಾಳೆ. ಮುಖದ ಮೇಲೆ ಹಂಚು ಇದ್ದದ್ದಕ್ಕೆ ಊರಿನವರು ಹಂಚಿ ಎಂದು ಕರೆಯುತ್ತಾರೆ. ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕೆ ಸೇರುತ್ತಾಳೆ. ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಮುಖವಾಡ ತೆಗೆದು ತಲೆಗೆ ನೀರು ಹಾಕಿಕೊಳ್ಳುವಾಗ ಆ ಮನೆಯ ಹುಡುಗನ ಕಣ್ಣಿಗೆ ಬೀಳುತ್ತಾಳೆ.

ಫ್ರಾನ್ಸಿನ ಪೆರೋ 1697ರಲ್ಲಿ ಬರೆದ ಸಿಂಡರೆಲ್ಲಾಗೆ ದೇವತೆ ಬಂದು ಜರತಾರಿ ಉಡಿಸಿ, ಗಾಜಿನ ಚಪ್ಪಲಿ ತೊಡಿಸಿ ಕಳಿಸಿದಳು. ನಮ್ಮವಳಿಗೆ ಹೆತ್ತಮ್ಮನೇ ಮಣ್ಣು ಮೆತ್ತಿ ಕಳಿಸಿದಳು. ಹೆಣ್ಣುಮಕ್ಕಳನ್ನು ಹೆತ್ತವರಿಗೆ ಎರಡನೆಯ ಅಮ್ಮನ ಹೆದರಿಕೆಯೇ ಹೆಚ್ಚು ಹತ್ತಿರದ್ದು ಅನ್ನಿಸುತ್ತದೆ. ಆದರೆ ಪುಟ್ಟಿಯ ಚಿಂತೆ ಬೇರೆಯಿತ್ತು.

“ಅಜ್ಜೀ, ಮೂಗಿಗೆ ತೂತು ಇತ್ತಾ?”

“ಇತ್ತು ಕಣೇ.”

“ಶೀತ ಆದ್ರೆ?”

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ರಾಮಾನುಜನ್ನರ ಹತ್ತಿರವೂ ಇದ್ದಿರಲಾರದು.

ಹೋಟೆಲಿನ ಬಾಗಿಲಲ್ಲಿ ಉದ್ದ ಕೋಟಿನ ಒಬ್ಬ ಯುವಕ ಪುಟ್ಟಿಗೆ ನಡು ಬಗ್ಗಿಸಿ, “ಸ್ವಾಗತ, ಯುವರ್ ರಾಯಲ್ ಹೈನೆಸ್” ಎಂದ. ಪುಟ್ಟಿ ಒಂದು ಕ್ಷಣ ಹಿಂದೆ ತಿರುಗಿ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿ, ಆಮೇಲೆ ನನ್ನ ಸೆರಗಿನೊಳಗೆ ಸೇರಿಕೊಂಡಳು. ಒಳಗೆ ದೊಡ್ಡವರಿಗೆಲ್ಲ ಹೊನ್ನಿನ ಬಣ್ಣದ ಕಾಗದದ ಕಿರೀಟ ಕೊಟ್ಟರು. ನಮ್ಮವರು ನಮ್ಮ ಮದುವೆಯಲ್ಲಿ ಮೈಸೂರು ಪೇಟ ಇಡಲು ಬಂದ ನನ್ನ ಸೋದರಮಾವನ ಕೈಯನ್ನು ಮೆಲ್ಲಗೆ ತಳ್ಳಿದವರು. ತಲೆ ಬೆವರುತ್ತದೆ ಎಂಬುದು ಕಾರಣ. ಆ ಪೇಟದ ಮಾತು ನನ್ನ ತೌರುಮನೆಯಲ್ಲಿ ಇವತ್ತಿಗೂ ಬರುತ್ತದೆ. ಇಲ್ಲಿ ಪುಟ್ಟಿ, “ತಾತಾ, ಬಗ್ಗು” ಅಂದಳು, ಬಗ್ಗಿದರು, ಕಿರೀಟ ಕೂತಿತು. ನನ್ನ ಸೋದರಮಾವ ಬದುಕಿದ್ದು ಇದನ್ನು ನೋಡಬೇಕಾಗಿತ್ತು.

ಆಮೇಲೆ ಬಂತು ನೋಡಿ ಮೂರು ಅಂತಸ್ತಿನ ಸ್ಟ್ಯಾಂಡು. ಒಂದರ ಮೇಲೊಂದು ಪಿಂಗಾಣಿ ತಟ್ಟೆ, ನಡುವೆ ಬೆಳ್ಳಿ ಬಣ್ಣದ ಕಂಬಿ. ನನಗೆ ತಕ್ಷಣ ನಮ್ಮ ಮನೆಯ ನವರಾತ್ರಿಯ ಗೊಂಬೆ ಮೆಟ್ಟಿಲು ಕಣ್ಮುಂದೆ ಬಂತು. ಗೊಂಬೆ ಕೂರಿಸುವವರಿಗೆ ಕ್ರಮ ಗೊತ್ತು. ಮೇಲುಗಡೆ ಪಟ್ಟದ ಗೊಂಬೆಗಳು, ಕೆಳಗೆ ಬರಬರುತ್ತಾ ಶೆಟ್ಟರ ಅಂಗಡಿ, ಹಾವಾಡಿಗ, ಕೊನೆಗೆ ನೆಲದ ಮೇಲೆ ರಾಗಿ ಪೈರಿನ ಪಾರ್ಕು. ಇಲ್ಲೂ ಅದೇ ವರ್ಣಾಶ್ರಮ. ತಳದಲ್ಲಿ ಸ್ಯಾಂಡ್‌ವಿಚ್ಚು ಎಂಬ ಸಾಮಾನ್ಯ ಪ್ರಜೆ, ನಡುವೆ ಸ್ಕೋನು ಎಂಬ ಬ್ರೆಡ್ಡೂ ಅಲ್ಲದ ಕೇಕೂ ಅಲ್ಲದ ಮಧ್ಯಮವರ್ಗ, ಮೇಲೆ ಅಂಗುಷ್ಠ ಗಾತ್ರದ ಕೇಕುಗಳು. ತಿನ್ನುವುದು ಕೆಳಗಿನಿಂದ ಮೇಲಕ್ಕೆ ಎಂದು ಬಡಿಸುವ ಹುಡುಗಿ ಹೇಳಿ ಮುಗಿಸುವುದರೊಳಗೆ ಪುಟ್ಟಿ ತುದಿಯ ಕೇಕಿನ ಮೇಲಿನ ಕೆನೆ ನೆಕ್ಕಿ ಆಗಿತ್ತು.

ಹಿಂದಿನ ವಾರವೇ ಮಗಳು ನಮ್ಮನ್ನು ಪಕ್ಕದ ಕೆನ್ಸಿಂಗ್ಟನ್ ಅರಮನೆಗೆ ಕರೆದುಕೊಂಡು ಹೋಗಿದ್ದಳು. ವಿಕ್ಟೋರಿಯಾ ಹುಟ್ಟಿದ್ದು ಅಲ್ಲೇ, 1819ರಲ್ಲಿ. ಆ ಮಗುವಿಗೆ 132 ಗೊಂಬೆಗಳಿದ್ದವಂತೆ, ಗೇಣಿಗಿಂತ ಚಿಕ್ಕ ಮರದ ಗೊಂಬೆಗಳು. ನೋಡಿಕೊಳ್ಳುತ್ತಿದ್ದ ಗವರ್ನೆಸ್ಸಿನ ಜೊತೆ ಕೂತು ಅವಕ್ಕೆ ಬಟ್ಟೆ ಹೊಲಿಯುವಳಂತೆ. ನಮ್ಮತ್ತೆಯವರ ಕಾಲದ ಗೊಂಬೆಗಳನ್ನೂ ಸೇರಿಸಿದರೂ ನಮ್ಮ ಮೆಟ್ಟಿಲುಗಳಲ್ಲಿ ಅಷ್ಟು ತುಂಬಿದ್ದಿಲ್ಲ, ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮುಂದಿನದನ್ನು ಕೇಳಿ ಹೊಟ್ಟೆಕಿಚ್ಚು ಇಳಿಯಿತು. 1837ರಲ್ಲಿ ರಾಣಿಯಾಗುವ ತನಕ ಅವಳು ಅಮ್ಮನ ಕೋಣೆಯಲ್ಲೇ ಮಲಗಬೇಕಿತ್ತು. ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯುವಂತಿರಲಿಲ್ಲ. ಹದಿನೆಂಟು ತುಂಬಿದ ಹುಡುಗಿ! ಅಷ್ಟೊಂದು ಗೊಂಬೆ ಯಾಕೆ ಬೇಕಾಗಿತ್ತು ಎಂದು ಆಗ ಅರ್ಥವಾಯಿತು.

ಸೌತೆಕಾಯಿ ಸ್ಯಾಂಡ್‌ವಿಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕೋಸಂಬರಿಯಿಂದ ಬೇಳೆ, ಕಾಯಿತುರಿ, ಒಗ್ಗರಣೆ, ನಿಂಬೆಹುಳಿ ಎಲ್ಲ ತೆಗೆದು, ಉಳಿದಿದ್ದನ್ನು ಎರಡು ಬಿಳಿ ಬ್ರೆಡ್ಡಿನ ನಡುವೆ ಮಲಗಿಸಿದರೆ ಅದು. ಸ್ಕೋನಿನದು ಮಾತ್ರ ಶಾಸ್ತ್ರದ ವಿಷಯ. ಅದನ್ನು ಅಡ್ಡಕ್ಕೆ ಸೀಳಿ ಮೊದಲು ಜಾಮು ಹಚ್ಚಿ ಮೇಲೆ ಗಟ್ಟಿ ಕೆನೆ ಹಾಕುವುದು ಕಾರ್ನ್‌ವಾಲ್ ಸಂಪ್ರದಾಯ. ಮೊದಲು ಕೆನೆ, ಮೇಲೆ ಜಾಮು ಅನ್ನುವುದು ಡೆವನ್ ಸಂಪ್ರದಾಯ. ಎರಡು ಕಡೆಯವರೂ ಬಗ್ಗುವವರಲ್ಲವಂತೆ. ತೆಂಗಲೆ-ವಡಗಲೆ ನಾಮದ ಜಗಳ ಕೋರ್ಟಿನವರೆಗೆ ಹೋದದ್ದನ್ನು ಬಲ್ಲ ನಮ್ಮವರಿಗೆ ಇದು ತಕ್ಷಣ ಅರ್ಥವಾಯಿತು. ಒಂದು ಹೋಳಿಗೆ ಹಾಗೆ, ಇನ್ನೊಂದು ಹೋಳಿಗೆ ಹೀಗೆ ಹಚ್ಚಿ, ಎರಡನ್ನೂ ತಿಂದು, ಯಾರಿಗೂ ನೋವಾಗದಂತೆ ಬಾಯಿ ಒರೆಸಿಕೊಂಡರು.

ಕಾಫಿಯೂ ಇತ್ತು. ದೊಡ್ಡ ಬೋಗುಣಿಯಂಥ ಕಪ್ಪಿನಲ್ಲಿ ತಂದರು. ನಮ್ಮವರು ಒಂದು ಗುಟುಕು ಕುಡಿದು ಕಪ್ಪನ್ನು ಸಾಸರಿನ ಮೇಲೆ ಇಟ್ಟು, “ಚಹಾನೇ ತರಿಸೋಣ” ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು.

ಈ ಚಹಾಕ್ಕೂ ರಾಜಕುಮಾರಿಯರಿಗೂ ಇರುವ ನಂಟು ಮಕ್ಕಳಾಟದ್ದಲ್ಲ. ಇಂಗ್ಲೆಂಡಿನ ಅರಮನೆಗೆ ಚಹಾದ ರುಚಿ ಹಿಡಿಸಿದವಳು ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್. 1662ರಲ್ಲಿ ಎರಡನೇ ಚಾರ್ಲ್ಸ್ ದೊರೆಯನ್ನು ಮದುವೆಯಾಗಿ ಬಂದವಳು. ಹಡಗಿನಿಂದ ಇಳಿದ ಕೂಡಲೇ ಒಂದು ಕಪ್ ಚಹಾ ಕೇಳಿದಳು, ಅಲ್ಲಿಯವರು ಬಿಯರ್ ತಂದುಕೊಟ್ಟರು ಅಂತ ಕಥೆ. ಹೊಸ ಸೊಸೆಯ ಮೊದಲ ದಿನದ ಪಾಡು ಎಲ್ಲ ಮನೆಗಳಲ್ಲೂ ಒಂದೇ. ವರದಕ್ಷಿಣೆಯಾಗಿ ಅವಳು ತಂದದ್ದರಲ್ಲಿ ನಮ್ಮ ಬೊಂಬಾಯಿಯೂ ಇತ್ತು. ದೊರೆಗೆ ಅದನ್ನಿಟ್ಟುಕೊಂಡು ಏನು ಮಾಡಬೇಕೋ ತಿಳಿಯದೆ 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡಿಗೆ ಬಾಡಿಗೆಗೆ ಕೊಟ್ಟ. ಅಳಿಯ ಇದನ್ನು ಹೇಳಿದಾಗ ನಮ್ಮವರು ತಟ್ಟೆಯ ಮೇಲಿದ್ದ ಬೆರಳನ್ನು ಮಡಿಸಿ ಬಿಡಿಸಿ, “ಅಂದರೆ ನಾನು ಈಗ ತಿಂದಿದ್ದು ಬೊಂಬಾಯಿಯ ಐದೂವರೆ ವರ್ಷದ ಬಾಡಿಗೆ” ಎಂದರು. ಗುಣಿಸಬೇಡಿ ಎಂದಿದ್ದಕ್ಕೆ ಭಾಗಿಸಿದ್ದರು.

ಮಧ್ಯಾಹ್ನದ ಚಹಾ ಎಂಬ ಈ ಪದ್ಧತಿಯ ಕೀರ್ತಿಯನ್ನು ಬೆಡ್‌ಫರ್ಡಿನ ಡಚೆಸ್ ಆನಾ ಎಂಬಾಕೆಗೆ ಕೊಡುತ್ತಾರೆ. 1840ರ ಸುಮಾರಿನ ಮಾತು. ರಾತ್ರಿಯ ಊಟ ತಡವಾಗುತ್ತಿತ್ತು, ಸಂಜೆ ನಾಲ್ಕೈದರ ಹೊತ್ತಿಗೆ ಆಕೆಗೆ ಹೊಟ್ಟೆ ಕುಂಯ್‌ಗುಟ್ಟುತ್ತಿತ್ತು. ಚಹಾ, ಬ್ರೆಡ್ಡು, ಬೆಣ್ಣೆ ಕೋಣೆಗೇ ತರಿಸಿಕೊಂಡಳು, ಗೆಳತಿಯರನ್ನೂ ಕರೆದಳು. ಇಷ್ಟಕ್ಕೆ ಚರಿತ್ರೆಯಲ್ಲಿ ಹೆಸರು! ನಮ್ಮತ್ತೆ ಐವತ್ತು ವರ್ಷ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಅವಲಕ್ಕಿ ಒಗ್ಗರಣೆಯನ್ನೋ ಕೋಡುಬಳೆಯನ್ನೋ ಮಾಡಿ, ಅಕ್ಕಪಕ್ಕದವರನ್ನೂ ಕರೆದು ಕಾಫಿ ಕೊಟ್ಟರು. ಅದಕ್ಕೆ ನಮ್ಮಲ್ಲಿ ‘ತಿಂಡಿ ಹೊತ್ತು’ ಅಂತಾರೆ, ಅಷ್ಟೆ.

ಅಷ್ಟರಲ್ಲಿ ರಾಜಕುಮಾರಿ ಬಂದಳು. ಬಿಳಿ-ಹೊಂಬಣ್ಣದ ಜಡೆ, ಪುಟ್ಟಿಯದೇ ನೀಲಿ ಗೌನಿನ ದೊಡ್ಡ ಅಳತೆ. ಅವಳು ಯಾರೆಂದು ಕೋಣೆಯಲ್ಲಿದ್ದ ಹತ್ತು ಹನ್ನೆರಡು ಮಕ್ಕಳಿಗೂ ಗೊತ್ತು. 2013ರಲ್ಲಿ ಬಂದ ಆ ಹಿಮದ ಸಿನಿಮಾದ ರಾಣಿಯೇ. ಆದರೆ ಅವಳು ಮಾತ್ರ ತಪ್ಪಿಯೂ ಆ ಹೆಸರು ಹೇಳಲಿಲ್ಲ. “ನಾನು ಹಿಮರಾಣಿ” ಅಂದಳು. ಹೆಸರಿನ ಹಕ್ಕು ಕಂಪನಿಯದು, ಇಂಥ ಕೂಟಗಳಲ್ಲಿ ಬಳಸುವಂತಿಲ್ಲ ಎಂದು ಅಳಿಯ ಪಿಸುಗುಟ್ಟಿದ. ಗಂಡನ ಹೆಸರು ಹೇಳಲು ನಾಚುವ ಹಳೆಯ ಕಾಲದ ಹೆಂಗಸರಂತೆ ಅವಳು ಸುತ್ತಿ ಬಳಸಿ ಮಾತಾಡುವುದು, ಮಕ್ಕಳು ಬಿಡದೆ ಆ ಹೆಸರನ್ನೇ ಕೂಗುವುದು ಸ್ವಲ್ಪ ಹೊತ್ತು ನಡೆಯಿತು. “ನಿನ್ನ ತಂಗಿ ಎಲ್ಲಿ?” ಎಂದು ಪುಟ್ಟಿ ಪಟ್ಟು ಹಿಡಿದು ಕೇಳಿದಳು. “ಅವಳಿಗೆ ಶೀತ, ಮನೇಲಿದಾಳೆ.” ಪುಟ್ಟಿ ನನ್ನ ಕಡೆ ತಿರುಗಿ ಗಂಭೀರವಾಗಿ ತಲೆಯಾಡಿಸಿದಳು. ಶೀತದ ಅಪಾಯದ ಬಗ್ಗೆ ಅವಳು ಆಗಲೇ ಹೇಳಿದ್ದಳಲ್ಲ.

ಆಮೇಲೆ ಪಾಠ ಶುರುವಾಯಿತು. ಬೆನ್ನು ನೆಟ್ಟಗೆ. ಮಂಡಿ ಜೋಡಿಸಿ. ಕಪ್ಪಿನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು, ಕಿರುಬೆರಳು ಎತ್ತದೆ. ಮೊಣಕಾಲು ಬಗ್ಗಿಸಿ ವಂದನೆ. ಕೈ ಬೀಸುವಾಗ ಬಲ್ಬು ಬಿಚ್ಚುವ ಹಾಗೆ ಮಣಿಕಟ್ಟು ಮಾತ್ರ ತಿರುಗಬೇಕು. ಮಕ್ಕಳ ಕೆಟಲಿನಲ್ಲಿ ಚಹಾದ ಬದಲು ತಣ್ಣನೆಯ ಸ್ಟ್ರಾಬೆರಿ ಹಾಲಿತ್ತು. ಮಕ್ಕಳು ಹತ್ತು ನಿಮಿಷ ಇದನ್ನೆಲ್ಲ ಸಹಿಸಿದರು. ಪಕ್ಕದ ಮೇಜಿನಲ್ಲಿ ಡೈನೋಸಾರ್ ವೇಷದ ಒಬ್ಬ ಹುಡುಗನಿದ್ದ, ಅಕ್ಕನ ಜೊತೆ ಬಲವಂತಕ್ಕೆ ಬಂದವನು. ಅವನು ಮೊದಲು ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದ. ಆಮೇಲೆ ಅವನ ಅಕ್ಕ. ಆಮೇಲೆ ಒಂದು ಗುಲಾಬಿ ಗೌನು, ಒಂದು ಹಳದಿ ಗೌನು. ನಾನು ಕೆನೆಯ ಬಟ್ಟಲು ಈ ಕಡೆ ಸರಿಸಿ ತಿರುಗುವಷ್ಟರಲ್ಲಿ ಪುಟ್ಟಿಯ ಕುರ್ಚಿಯೂ ಖಾಲಿ. ಅದರ ಮೇಲೆ ಕಿರೀಟವೊಂದೇ ಕೂತಿತ್ತು.

ಮೇಲೆ ಉಳಿದವರು ನಾವು. ಇಪ್ಪತ್ತು ಜನ ದೊಡ್ಡವರು, ಕಾಗದದ ಕಿರೀಟ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಮಣಿಕಟ್ಟು ತಿರುಗಿಸುವುದು ಹೇಗೆಂದು ಕಲಿಯುತ್ತಿದ್ದೆವು. ಬಿಟ್ಟಿ ಬಂದ ಪಾಠವೇನಲ್ಲವಲ್ಲ. ಎದುರಿನ ಮೇಜಿನ ಗಡ್ಡದ ಅಪ್ಪನೊಬ್ಬ ವಂದನೆಯನ್ನು ಎಷ್ಟು ಚಂದ ಕಲಿತನೆಂದರೆ ಹಿಮರಾಣಿ ಅವನಿಂದ ಎರಡನೇ ಸಲ ಮಾಡಿಸಿದಳು.

ಬಿಡುವು ಕೊಟ್ಟು ಅವಳು ನಮ್ಮ ಮೇಜಿನ ಖಾಲಿ ಕುರ್ಚಿಗೆ ಬಂದು ಕೂತಳು. ಹತ್ತಿರದಿಂದ ನೋಡಿದರೆ ಇಪ್ಪತ್ತೆರಡರ ಹುಡುಗಿ. ಜಡೆಯ ಅಂಚಿನಲ್ಲಿ ಅವಳದೇ ಕಪ್ಪು ಕೂದಲು ಬೆವರಿಗೆ ಅಂಟಿತ್ತು. ಪೆನ್ಸಿಲ್ಲಿನ ತುದಿಯನ್ನು ಒಳಗೆ ತೂರಿಸಿ ತಲೆ ಕೆರೆದುಕೊಂಡಳು. ನಾನು ತಟ್ಟೆ ಸರಿಸಿದೆ. ಆ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನು ಅವಳು ತಿಂದ ರೀತಿ ನೋಡಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ತಿಳಿಯಿತು. ಇನ್ನೊಂದು ಕೊಟ್ಟೆ. ಅವಳು ನನ್ನ ಜರಿ ಅಂಚನ್ನು ಬೆರಳಲ್ಲಿ ಮುಟ್ಟಿ, “ನಿಮ್ಮ ಕಾಸ್ಟ್ಯೂಮ್ ತುಂಬಾ ಚೆನ್ನಾಗಿದೆ. ಎಲ್ಲಿ ಬಾಡಿಗೆಗೆ ತಂದಿರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಗಳು ಚಹಾ ಕುಡಿಯುತ್ತಿದ್ದವಳು ಮೂಗಿಗೆ ಹತ್ತಿಸಿಕೊಂಡಳು. ನನಗೆ ಕೋಪವೇನೂ ಬರಲಿಲ್ಲ. ಆ ಕೋಣೆಯಲ್ಲಿ ವೇಷ ಹಾಕದೆ ಬಂದವಳು ನಾನೊಬ್ಬಳೇ, ಅವಳಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. “ಮೈಸೂರಿನಿಂದ” ಅಂದೆ, ದೊಡ್ಡಪ್ಪನ ಮಗನ ಅರಮನೆಯಿಂದ ತಂದ ಧಾಟಿಯಲ್ಲಿ.

ಮೇಜುಬಟ್ಟೆಯ ಅಂಚು ಎತ್ತಿ ಬಗ್ಗಿ ನೋಡಿದೆ. ಕೆಳಗೆ ಅರೆಗತ್ತಲೆ, ಹತ್ತು ಜೊತೆ ಕಾಲು, ಸ್ಟ್ರಾಬೆರಿ ಹಾಲಿನ ವಾಸನೆ. ಪುಟ್ಟಿ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಖದ ತುಂಬ ಬಿಳಿ ನ್ಯಾಪ್ಕಿನ್ ಹೊದ್ದು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದಳು. ಮೂಗಿನ ಹತ್ತಿರ ಬೆರಳು ತೂರಿಸಿ ಎರಡು ತೂತು ಮಾಡಿದ್ದಳು. ಇಂಗ್ಲಿಷಿನಲ್ಲಿ ಹಂಚಿಯ ಕಥೆ ನಡೆಯುತ್ತಿತ್ತು. ಡೈನೋಸಾರ್ ಹುಡುಗ ಆ ಮನೆಯ ಸಾಹುಕಾರ. ಉಳಿದವರೂ ತಮ್ಮ ತಮ್ಮ ನ್ಯಾಪ್ಕಿನ್ನಿಗೆ ತೂತು ಮಾಡುವುದರಲ್ಲಿದ್ದರು. ಅದು ಹೋಟೆಲಿನ ಲಿನನ್ ಬಟ್ಟೆ. ನಾನು ಮೇಜುಬಟ್ಟೆ ಕೆಳಗೆ ಬಿಟ್ಟು ಏನೂ ನೋಡದವಳಂತೆ ಕೂತೆ. “ಏನ್ಮಾಡ್ತಿದಾರೆ?” ಎಂದರು ನಮ್ಮವರು. “ಚೆನ್ನಾಗಿ ಕೂತಿದಾರೆ” ಅಂದೆ.

ಬಿಲ್ಲಿನಲ್ಲಿ ನ್ಯಾಪ್ಕಿನ್ ಹಾಕಿರಲಿಲ್ಲ. ಮಗಳು ಮಾತ್ರ ಟಿಪ್ಸು ಇಮ್ಮಡಿ ಇಟ್ಟಳು.

ಹೊರಗೆ ಬಂದ ಮೇಲೆ ನಮ್ಮವರು ಒಂದು ಬೇಡಿಕೆ ಇಟ್ಟರು. ಲಂಡನ್ನಿಗೆ ಬಂದಾಗಿನಿಂದ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಬ್ರಾಂಪ್ಟನ್ ಸ್ಮಶಾನವಿದೆ, ಅಲ್ಲಿ ಕೊಡಗಿನ ರಾಜ ಚಿಕವೀರ ರಾಜೇಂದ್ರನ ಮಗಳು ಗೌರಮ್ಮನ ಸಮಾಧಿ ಇದೆ, ನೋಡಿಕೊಂಡು ಹೋಗೋಣ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಅವರು ಎಷ್ಟು ಸಲ ಓದಿದ್ದಾರೋ ಲೆಕ್ಕವಿಲ್ಲ. 1983ರಲ್ಲಿ ಮಾಸ್ತಿಯವರಿಗೆ ಜ್ಞಾನಪೀಠ ಬಂದಾಗ ಬ್ಯಾಂಕಿನಲ್ಲಿ ಸ್ವಂತ ದುಡ್ಡಲ್ಲಿ ಮೈಸೂರು ಪಾಕು ಹಂಚಿದವರು.

ಕೊಡಗನ್ನು 1834ರಲ್ಲಿ ಕಂಪನಿ ತೆಗೆದುಕೊಂಡ ಮೇಲೆ ಚಿಕವೀರ ರಾಜನನ್ನು ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಬಂದ. ಮಗುವನ್ನು ರಾಣಿಯ ಕೈಗೆ ಒಪ್ಪಿಸಿದರೆ ಕಂಪನಿ ಇಟ್ಟುಕೊಂಡ ತನ್ನ ಹಣ ವಾಪಸು ಬಂದೀತೆಂಬ ಆಸೆಯೂ ಇತ್ತು. ಹನ್ನೊಂದರ ಹುಡುಗಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ವಿಕ್ಟೋರಿಯಾ ಗೌರಮ್ಮ ಎಂದು ಹೆಸರಾಯಿತು. ರಾಣಿ ತನ್ನ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರನಿಂದ ಅವಳ ಚಿತ್ರ ಬರೆಸಿದಳು. ಪಂಜಾಬಿನ ದುಲೀಪ್ ಸಿಂಗನಿಗೆ ಕೊಡಬೇಕೆಂದು ನೋಡಿದಳು, ಅದ್ಯಾಕೋ ಕೂಡಿಬರಲಿಲ್ಲ. 1859ರಲ್ಲಿ ರಾಜ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಅವಳಿಗೆ ಅಪ್ಪನ ವಯಸ್ಸಿಗೆ ಹತ್ತಿರವಾದ ಒಬ್ಬ ಕರ್ನಲ್ ಜೊತೆ ಮದುವೆಯಾಯಿತು, ಒಂದು ಹೆಣ್ಣು ಮಗುವಾಯಿತು. 1864ರಲ್ಲಿ ಹೋಗಿಬಿಟ್ಟಳು, ಇಪ್ಪತ್ತಮೂರು ತುಂಬುವ ಮೊದಲೇ.

ನಾನು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಆ ಮಗುವಿಗೆ ಎಷ್ಟು ಚಹಾ ಕೂಟಗಳಾಗಿರಬೇಕು, ಪಕ್ಕದಲ್ಲಿ ನಿಜವಾದ ರಾಣಿ, ಸುತ್ತ ನಿಜವಾದ ಡಚೆಸ್ಸುಗಳು, ಎಲ್ಲರ ಕಣ್ಣೂ ಇವಳ ಒಡವೆಯ ಮೇಲೆ, ಬೆರಳಿನ ಮೇಲೆ. ಕೆಳಗೆ ಜಾರಲು ಮೇಜುಬಟ್ಟೆ ಉದ್ದವಾಗಿಯೇ ಇದ್ದೀತು, ಆದರೆ ಅಲ್ಲಿ ಜೊತೆಗೆ ಯಾರಿರುತ್ತಿದ್ದರು?

ಬ್ರಾಂಪ್ಟನ್ ದೊಡ್ಡ ಸ್ಮಶಾನ. ಕಲ್ಲಿನ ದೇವತೆಗಳು, ಮುರಿದ ಶಿಲುಬೆಗಳು, ಹುಲ್ಲು, ಅಳಿಲು, ನಾಯಿ ಕರೆದುಕೊಂಡು ಅಡ್ಡಾಡುವವರು. ಮುಕ್ಕಾಲು ಗಂಟೆ ಹುಡುಕಿದೆವು. ಅಳಿಯ ಒಂದು ಸಾಲು, ಮಗಳು ಒಂದು ಸಾಲು, ನಮ್ಮವರು ತಲೆಯ ಮೇಲಿನ ಕಿರೀಟವನ್ನು ಮರೆತೇಬಿಟ್ಟು ಕನ್ನಡಕ ಒರೆಸಿ ಒರೆಸಿ ಒಂದೊಂದು ಕಲ್ಲಿನ ಹೆಸರನ್ನೂ ಓದುತ್ತಾ. ಸಿಗಲಿಲ್ಲ. ಬಾಗಿಲು ಮುಚ್ಚುವ ಹೊತ್ತಾಯಿತು.

“ಅಜ್ಜೀ, ಆ ಪ್ರಿನ್ಸೆಸ್ ನಮ್ಮ ಥರ ಕನ್ನಡ ಮಾತಾಡ್ತಿದ್ಲಾ?” ಎಂದು ಪುಟ್ಟಿ ಕೇಳಿದಳು. ಗೌರಮ್ಮನ ಬಾಯಲ್ಲಿ ಯಾವ ಮಾತು ಉಳಿದಿತ್ತೋ. “ಅವಳ ಅಪ್ಪ ಮಾತಾಡ್ತಿದ್ದ” ಅಂದೆ. ಪುಟ್ಟಿ ಸ್ವಲ್ಪ ಯೋಚಿಸಿ, ಹತ್ತಿರದಲ್ಲಿದ್ದ ಒಂದು ಎತ್ತರದ ಕಲ್ಲಿನ ಮುಂದೆ ನಿಂತು, ಮಳೆಯ ಬೂಟಿನ ಮೊಣಕಾಲು ಬಗ್ಗಿಸಿ, ಗೌನು ಎರಡೂ ಕಡೆ ಹಿಡಿದು ವಂದನೆ ಮಾಡಿದಳು. ಅದು ಯಾರೋ ಬಿಯರ್ ವ್ಯಾಪಾರಿಯ ಸಮಾಧಿಯಾಗಿತ್ತು. ನಾವು ತಿದ್ದಲಿಲ್ಲ.

ವಾಪಸು ರೈಲಿನಲ್ಲಿ ಪುಟ್ಟಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಡಬ್ಬಿ ತುಂಬಿತ್ತು. ಕಾಗದದ ಕಿರೀಟ ಹಾಕಿಕೊಂಡು ಕಂಬಿ ಹಿಡಿದು ನಿಂತಿದ್ದ ನಮ್ಮವರನ್ನು ಒಬ್ಬನೂ ತಲೆಯೆತ್ತಿ ನೋಡಲಿಲ್ಲ, ಆ ಊರಿನವರ ಸಭ್ಯತೆ ಅಂಥದ್ದು. ಹುಡುಗನೊಬ್ಬ ಮಾತ್ರ ಎದ್ದು ಸೀಟು ಬಿಟ್ಟುಕೊಟ್ಟ. ಅದು ನರೆಗೂದಲಿಗೋ ಕಿರೀಟಕ್ಕೋ ಹೇಳಲಾರೆ.

ಮರುದಿನ ಬೆಳಿಗ್ಗೆ ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸಿ, ಹಾಲು ಬೆರೆಸಿ, ಲೋಟಕ್ಕೆ ಸುರಿದಾಗ ನೊರೆಯ ಮೇಲೆ ಬೆಳ್ಳಿಯದೊಂದು ಚುಕ್ಕೆ ತೇಲುತ್ತಿತ್ತು. ಚಮಚದಲ್ಲಿ ತೆಗೆಯಬಹುದಿತ್ತು. ತೆಗೆಯದೆ ಹಾಗೇ ಒಯ್ದು ಅವರ ಕೈಗೆ ಕೊಟ್ಟೆ.